ತಾನೇ ತೂಗಿದ ತೊಟ್ಟಿಲು

ತಿರುಗುವ ಯಂತ್ರಕ್ಕೆ ಬೆನ್ನು ಕೊಟ್ಟು ಕೂರುವವಳಲ್ಲ ನಾನು. ಮಿಕ್ಸರ್ ಗರ್ ಎಂದರೂ ಗೋಡೆಗೊರಗಿ ಅದನ್ನೇ ನೋಡುತ್ತಿರುತ್ತೇನೆ. ನೀವು ನಗುತ್ತೀರಿ. ಹಳ್ಳಿ ಶಾಲೆಯಲ್ಲಿ ನಾಲ್ಕು ಕ್ಲಾಸು ಕಲಿತವಳ ಅಂಜಿಕೆ ಎಂದುಕೊಂಡಿದ್ದೀರಿ. ಕಾರಣ ಅದಲ್ಲ ಮಕ್ಕಳೇ, ನಿಮ್ಮ ತೊಟ್ಟಿಲು.

ಆಗ ಸಂಡೂರಿನಲ್ಲಿ ಅದಿರಿನ ಲಾರಿಗಳ ಕಾಲ. ನಡುಮಧ್ಯಾಹ್ನವೂ ಅವು ದೀಪ ಹಚ್ಚಿಕೊಂಡು ಬರುತ್ತಿದ್ದವು. ಕೆಂಧೂಳಿನೊಳಗಿಂದ ಮೊದಲು ಎರಡು ಕಣ್ಣು, ಆಮೇಲೆ ಸದ್ದು, ಕೊನೆಗೆ ಲಾರಿ. ಕಾಸಿಟ್ಟ ಹಾಲಿನ ಮೇಲೆ ಕೆನೆಗಿಂತ ಮೊದಲು ಧೂಳು ಕಟ್ಟುತ್ತಿತ್ತು.

ನಿಮ್ಮವ್ವ, ನನ್ನ ಮಗಳು ಗೌರಿ ಕೈಕೆಲಸ ಕಲಿತದ್ದು ನಿಮ್ಮ ತಾತನಿಂದ. ಅವರು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೋಟರು ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಗೌರಿ ಗುಜರಿ ಲಾರಿಯ ವೈಪರ್ ಮೋಟರು, ಒಂದು ಬ್ಯಾಟರಿ, ನಡುವೆ ತಾನೇ ಮಾಡಿದ ಸರ್ಕ್ಯೂಟು ಸೇರಿಸಿ ತೊಟ್ಟಿಲು ತೂಗಿಸಿದಳು. ಗುಂಡಿ ತಿರುವಿದಷ್ಟು ವೇಗ. ಧೂಳು ಹೋಗದಿರಲೆಂದು ಸರ್ಕ್ಯೂಟನ್ನು ಡಬ್ಬಿಯಲ್ಲಿಟ್ಟು, ಸಂದಿಗೆ ಟೇಪು ಸುತ್ತಿ, ಮೇಲೆ ಹಳೇ ಸೀರೆಯ ತುಂಡು ಹೊದಿಸಿದಳು. ಅವಳ ಮೊದಲ ಕೂಸು ಮೂರು ತಿಂಗಳಿಗೇ ಹೋಗಿತ್ತು. ಈಗ ಏನು ಹೊದಿಸಿದರೂ ಅವಳಿಗೆ ಸಾಲದು.

ಒಂದು ಮಧ್ಯಾಹ್ನ ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುವಿ, ಕೂಸನ್ನು, ಅಂದರೆ ನಿಮ್ಮಲ್ಲಿ ಹಿರಿಯಳನ್ನು, ತೊಡೆಯ ಮೇಲೆ ಹಾಕಿಕೊಂಡೆ. ತೊಟ್ಟಿಲು ನಿಲ್ಲಲಿಲ್ಲ. ಖಾಲಿ ತೊಟ್ಟಿಲು ಇನ್ನೂ ಜೋರಾಗಿ ತೂಗತೊಡಗಿತು.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ರುದ್ರಕ್ಕ ಮೆಲ್ಲಗೆ ಅಂದಳು: "ಖಾಲಿ ತೊಟ್ಟಿಲ ತೂಗಬಾರದವ್ವ. ಮೊದಲಿಂದು ಬಂದು ಮಲಗೈತೇನೋ."

ಒಳಗಿಂದ ಬಂದ ಗೌರಿ ಅದನ್ನು ಕೇಳಿಸಿಕೊಂಡಳು. ಬ್ಯಾಟರಿಯ ವೈರು ಕಿತ್ತಳು. ಡಬ್ಬಿ ಬಿಚ್ಚಿ ಮುಟ್ಟಿದರೆ ಬೆರಳು ಸುಟ್ಟಿತು.

"ಕರೆಂಟ್ ಹಿಡದು ಬಿಡೋ ಟ್ರಾನ್ಸಿಸ್ಟರ್ ಕಾದು ಸತ್ತೈತವ್ವ. ಸತ್ತ ಮ್ಯಾಲ ಕರೆಂಟ್ ತಡೆಯಂಗಿಲ್ಲ, ಪೂರಾ ಬಿಡತೈತಿ."

ಸತ್ತದ್ದು ಸುಮ್ಮನಾಗುತ್ತದೆ ಎಂದೇ ನಾನು ಅದುವರೆಗೆ ನಂಬಿದ್ದೆ.

"ಬಿಸಿ ಹುಟ್ಟೂದು ತಪ್ಪಂಗಿಲ್ಲ, ಹೊರಗ ಹೋಗಾಕ ದಾರಿ ಬೇಕು," ಎನ್ನುತ್ತ ಗೌರಿ ಹೊಸ ಟ್ರಾನ್ಸಿಸ್ಟರನ್ನು ಅಗಲವಾದ ಅಲ್ಯೂಮಿನಿಯಂ ತಗಡಿಗೆ ಬಿಗಿದಳು. ನಡುವೆ ಬಿಸಿ ದಾಟಿಸುವ ಬಿಳಿ ಪೇಸ್ಟು ಸವರಿದಳು. ಡಬ್ಬಿಗೆ ಮೇಲೆ ಕೆಳಗೆ ತೂತು ಕೊರೆದಳು. ಧೂಳಿಗೆ ಅಡ್ಡ ಗೇಣುದೂರದಲ್ಲಿ ತೆಳುಬಟ್ಟೆ, ಬ್ಯಾಟರಿಯ ವೈರಿಗೇ ಬೇರೆ ಸ್ವಿಚ್ಚು. ಹಂಪಿಯ ಬಂಡೆಗಳು ದಿನವಿಡೀ ಕಾದರೂ ಬೆಳಗಾಗುವುದರೊಳಗೆ ತಣ್ಣಗಾಗುತ್ತವೆ. ಅವಕ್ಕೆ ಯಾರೂ ಸೀರೆ ಹೊದಿಸಿಲ್ಲ, ನೋಡಿ.

"ಭಾರ ಹಾಕಿ ತೂಗಿ ನೋಡಬೇಕು," ಅಂದಳು ಗೌರಿ. "ಕೂಸು ಹಾಕಂಗಿಲ್ಲ."

"ಖಾಲಿನೂ ತೂಗಂಗಿಲ್ಲ," ಅಂದಳು ರುದ್ರಕ್ಕ.

ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವ ಪದ್ಧತಿ ನಮ್ಮಲ್ಲುಂಟು. ರುದ್ರಕ್ಕನೇ ತನ್ನ ಒರಳಿನ ಗುಂಡನ್ನು ಹೊತ್ತು ತಂದಳು. "ಅಳಂಗಿಲ್ಲ, ಮಾತಾಡಂಗಿಲ್ಲ. ನಮ್ಮ ಮನಿಯವರ ಹಂಗ."

ತಲೆಗೆ ಕುಲಾವಿ ಹಾಕಿ, ದುಪಟಿ ಹೊದಿಸಿ ಕಲ್ಲನ್ನು ಮಲಗಿಸಿದೆವು. ಹೊರಗೆ ಬಿಸಿಲೂ ಕೆಂಪು. ಕಲ್ಲು ಹೋಗುತ್ತಿತ್ತು, ಬರುತ್ತಿತ್ತು. ತಗಡಿನ ಮೇಲೆ ಬೆರಳಿಟ್ಟು ಕೂತ ಗೌರಿ ಯಾವಾಗ ಜೋಗುಳ ಶುರುಮಾಡಿದಳೋ ತಿಳಿಯಲಿಲ್ಲ. ಅದರಲ್ಲಿ ಬಂದ ಹೆಸರು ನನ್ನ ತೊಡೆಯ ಮೇಲಿದ್ದ ಕೂಸಿನದಲ್ಲ. ಹೋದ ಕೂಸಿನ ಹೆಸರನ್ನು ಅವಳು ಅಂದಿನವರೆಗೆ ಎತ್ತಿದ್ದಿಲ್ಲ. ನಾನೂ ರುದ್ರಕ್ಕನೂ ನೆಲ ನೋಡಿದೆವು.

ಹೊತ್ತು ಇಳಿದರೂ ತಗಡು ನೀರೆರೆದ ಕೂಸಿನ ಬೆನ್ನಿನಷ್ಟೇ ಬೆಚ್ಚಗಿತ್ತು. ಸ್ವಿಚ್ಚು ಆರಿಸಿದಾಗ ತೊಟ್ಟಿಲು ಹೇಳಿದ ಮಾತು ಕೇಳಿದಂತೆ ನಿಂತಿತು. ಗೌರಿ ಒಂದು ಅಂಗೈಯನ್ನು ಕುಲಾವಿ ಹಾಕಿದ ತಲೆಯ ಕೆಳಗಿಟ್ಟು ಗುಂಡನ್ನು ಎತ್ತಿದಳು.

"ಮೆಲ್ಲಗ," ಅಂದಳು ರುದ್ರಕ್ಕ.

ಕಲ್ಲಿಗೆ ಕುತ್ತಿಗೆ ಇಲ್ಲವೆಂದು ಹೇಳುವಷ್ಟು ಓದಿದವರು ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.