ಎಣ್ಣೆಗೈಗೆ ಒಗ್ಗುವ ಪುಸ್ತಕ

ಲಂಪಾಂಗ್ ಪೇಟೆಯ ಮಾಲೀಸು ಅಂಗಡಿಯಲ್ಲಿ ಸಾಯ್‌ಪಿನ್ ಇಪ್ಪತ್ತೆರಡು ವರ್ಷದಿಂದ ಬೆನ್ನು ತಿಕ್ಕುತ್ತಿದ್ದಳು. ಹುಟ್ಟಿನಿಂದ ಕಣ್ಣಿಲ್ಲ. ಸೊಂಟದ ಚೀಲದಲ್ಲಿ ಟೇಪು, ಎಡಗಿವಿಯಲ್ಲಿ ಅದರ ತಂತಿ. ಅಂಧರ ಸಂಘದ ಕ್ಯಾಸೆಟ್ಟುಗಳಲ್ಲಿ ಯಾರೋ ಪುಣ್ಯಾತ್ಮರು ಕಾದಂಬರಿ ಓದಿರುತ್ತಿದ್ದರು. ಒಂದು ಮಗ್ಗುಲು ಅರ್ಧ ಗಂಟೆ. ಅದು ಮುಗಿದಾಗ ಕ್ಯಾಸೆಟ್ಟನ್ನೂ ಗಿರಾಕಿಯನ್ನೂ ಒಟ್ಟಿಗೇ ಮಗುಚುತ್ತಿದ್ದಳು. ಎರಡನೆಯದೂ ಮುಗಿದರೆ ಗಿರಾಕಿ ಎದ್ದು ಮನೆಗೆ. ಬೇರೆ ಗಡಿಯಾರ ಅವಳಿಗೆ ಬೇಕಾಗಿರಲಿಲ್ಲ.

ಆ ವರ್ಷ ಸಂಘದವರು ಕ್ಯಾಸೆಟ್ಟುಗಳನ್ನೆಲ್ಲ ವಾಪಸು ತೆಗೆದುಕೊಂಡರು. ಅವಳು ಕೇಳುತ್ತಿದ್ದ ಕಾದಂಬರಿಯಲ್ಲಿ ನೇಕಾರರ ಮನೆಯ ಸೊಸೆ ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೋದಳೋ ಇಲ್ಲವೋ ಗೊತ್ತಿಲ್ಲ.

"ಈಗ ಪುಸ್ತಕ ಕೇಳೋಕೆ ಮೂರು ದಾರಿ ಇದೆ. ಒಂದೊಂದು ವಾರ ನೋಡಿ, ಒಂದನ್ನ ಇಟ್ಕೊಳ್ಳಿ" ಅಂದರು ಸಂಘದವರು.

ಅಂಗಡಿಯ ಒಡತಿ ಬುನ್‌ರುವನ್ ವಯಸ್ಸಿನಲ್ಲಿ ಚಿಕ್ಕವಳು. ಅದಕ್ಕೇ 'ಪೀ', ಅಂದರೆ ಅಕ್ಕ, ಅನ್ನುತ್ತಿದ್ದಳು. ಅನ್ನುತ್ತಲೇ ಬೈಯುತ್ತಿದ್ದಳು. "ನೋಡು ಪೀ, ಗಿರಾಕಿಗಳಿಂದ ಎರಡು ದೂರು ಬಂತೋ, ಕೆಲಸದ ಹೊತ್ತಲ್ಲಿ ನಿನ್ನ ಕಥೆ ಬಂದ್." ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕೆಲಸ. ಇಲ್ಲಿ ಬಂದಾದರೆ ಕಥೆಯೇ ಬಂದ್.

ಮೊದಲ ವಾರ ಮೊಬೈಲು. ಎಣ್ಣೆ ಬೆರಳಿಗೆ ಗಾಜು ಜಾರುತ್ತಿತ್ತು, ಒಂದು ಒತ್ತಿದರೆ ಇನ್ನೊಂದು. ಸಂಘದ ಹುಡುಗಿ ಎಲ್ಲರಿಗೂ ಮಾಡುವಂತೆ ಇದಕ್ಕೂ ಓದುವ ವೇಗವನ್ನು ಎರಡು ಪಟ್ಟು ಮಾಡಿಟ್ಟಿದ್ದಳು. ಒಂದು ಮಗ್ಗುಲಿನಷ್ಟು ಕಥೆ ಆಯಿತೆಂದು ಸಾಯ್‌ಪಿನ್ ಗಿರಾಕಿಯನ್ನು ಮಗುಚಿದಳು. ಆಗಿದ್ದದ್ದು ಕಾಲು ಗಂಟೆ. ಗಿರಾಕಿ ಶಾಲೆಯ ಮೇಷ್ಟ್ರು. "ನಾನೇನು ಗಿಡ್ಡ ಆಗಿದೀನಾ? ಇಷ್ಟು ಬೇಗ ಮುಗೀತಲ್ಲ!" ಅಂದು ಒಡತಿಯ ಹತ್ತಿರ ನೆಟ್ಟಗೆ ಹೋದರು. ಒಂದು ದೂರು.

ಎರಡನೆಯ ವಾರ ಟೆಲಿಫೋನು. ನಂಬರು ಒತ್ತಿದರೆ ಆ ಕಡೆಯಿಂದ ಪುಸ್ತಕ ಓದುತ್ತದೆ. ಗುಂಡಿಗಳು ಕೈಗೆ ಸಿಗುತ್ತಿದ್ದವು. ಆದರೆ ಲೈನು ಕಟ್ಟಾದರೆ ಅಧ್ಯಾಯದ ಮೊದಲಿಗೆ ಹೋಗಬೇಕು. ಸೊಸೆ ಗಂಟು ಕಟ್ಟುವುದನ್ನು ಅವಳು ಹನ್ನೊಂದು ಸಲ ಕೇಳಿದಳು. ಗಂಟಿನಲ್ಲಿ ಎಷ್ಟು ಬಟ್ಟೆ, ಎಷ್ಟು ಬಾಚಣಿಗೆ ಎಂದು ಬಾಯಿಪಾಠವಾಯಿತು. ಬಾಗಿಲು ದಾಟುವುದು ಮಾತ್ರ ಕೇಳಲಿಲ್ಲ.

ಮೂರನೆಯದು ಅಂಗೈಯಷ್ಟು ಪೆಟ್ಟಿಗೆ. ಉಬ್ಬಿದ ಗುಂಡಿಗಳು, ಮೊಣಕೈಯಿಂದಲೂ ಒತ್ತಬಹುದು. ನಿಲ್ಲಿಸಿದಲ್ಲಿಂದಲೇ ಮುಂದಕ್ಕೆ ಓದುತ್ತದೆ, ಓದುವುದೂ ಮನುಷ್ಯರ ದನಿ. ಒಂದೇ ಕುಂದು, ಅದಕ್ಕೆ ಮಗ್ಗುಲಿಲ್ಲ, ನಿಲ್ಲದೆ ಓದುತ್ತಲೇ ಇರುತ್ತದೆ.

ಅವತ್ತು ಮಲಗಿದ್ದವರು ಕುದುರೆಗಾಡಿಯ ಲುಂಗ್ ಪನ್. ಲುಂಗ್ ಅಂದರೆ ದೊಡ್ಡಪ್ಪ, ಪೇಟೆಗೆಲ್ಲ ಅವರು ದೊಡ್ಡಪ್ಪನೇ. ಎಣ್ಣೆಗೆ ತಂತಿ ಯಾವಾಗಲೋ ಜಾರಿ ಪೆಟ್ಟಿಗೆಯಿಂದ ಕಳಚಿತ್ತು, ಪೆಟ್ಟಿಗೆ ಗಟ್ಟಿಯಾಗಿ ಓದುತ್ತಿತ್ತು. ಸಾಯ್‌ಪಿನ್ ಕಥೆಯೊಳಗೆ ಮುಳುಗಿದ್ದಳು, ಕಿವಿಯೊಳಗಿನ ದನಿ ಹೊರಗಿನದಾದದ್ದು ತಿಳಿಯಲಿಲ್ಲ. ಲುಂಗ್ ಪನ್ ಬೋರಲಾಗಿಯೇ ಒಂದೂ ಮುಕ್ಕಾಲು ಗಂಟೆ ಮಲಗಿದ್ದರು. ಹೊರಗೆ ಅವರ ಕುದುರೆ ಪಕ್ಕದ ಅಂಗಡಿಯ ಒಂದು ಬುಟ್ಟಿ ಸೊಪ್ಪು ಮುಗಿಸಿತು.

ಸೊಪ್ಪಿನವಳು ಕೂಗಾಡಿದ್ದಕ್ಕೆ ಬುನ್‌ರುವನ್ ಪರದೆ ಸರಿಸಿ ಒಳಗೆ ಬಂದಳು. "ಲುಂಗ್, ಇಷ್ಟು ಹೊತ್ತು ಹೀಗೇ ಹಾಕಿದಾಳಾ? ಹೇಳ್ಬಿಡಿ, ದೂರು ಇದೆ ತಾನೇ?"

ಸಾಯ್‌ಪಿನ್‌ಳ ಹೆಬ್ಬೆರಳು ಅವರ ಬೆನ್ನಮೂಳೆಯ ಮೇಲೆ ನಿಂತುಬಿಟ್ಟಿತು.

"ಇದೆ" ಅಂದರು ಲುಂಗ್ ಪನ್, ಮುಖ ಎತ್ತದೆ. "ನೀನು ಬಂದು ಬಾಯಿ ಹಾಕ್ದೆ. ಅತ್ತೆ ಏನಂದ್ಳು ಅಂತ ಕೇಳಿಸ್ಲಿಲ್ಲ."

"ಯಾವ ಅತ್ತೆ?"

"ಇವಳಿಗೆ ಏನೂ ಗೊತ್ತಿಲ್ಲ. ಸಾಯ್‌ಪಿನ್, ಸ್ವಲ್ಪ ಹಿಂದಕ್ಕೆ ಹಾಕಮ್ಮ."

ಸಾಯ್‌ಪಿನ್ ಮೊಣಕೈಯಿಂದ ಗುಂಡಿ ಒತ್ತಿದಳು. ಅತ್ತೆ ಮತ್ತೆ ಮಾತಾಡಿದಳು, ಸೊಸೆ ಗಂಟನ್ನು ಕೆಳಗಿಟ್ಟಳು. ಬುನ್‌ರುವನ್ ಕುರ್ಚಿ ಎಳೆದುಕೊಂಡದ್ದು ಕೇಳಿಸಿತು. ಅಧ್ಯಾಯ ಮುಗಿಯುವವರೆಗೂ ಅವಳು ಏಳಲಿಲ್ಲ.

"ಗಿರಾಕಿನ ಮಗುಚೋ ಹೊತ್ತು ಇನ್ಮೇಲೆ ನಾನೇ ಹೇಳ್ತೀನಿ" ಅಂದಳು ಕೊನೆಗೆ. "ಆದ್ರೆ ಪೀ, ನಾನು ಮಾರ್ಕೆಟ್ಟಿಗೆ ಹೋದಾಗ ಮುಂದಿನದು ಹಾಕೋ ಹಾಗಿಲ್ಲ."