ಗೌರಿ ಓಗೊಟ್ಟ ಆಟ

ಕೋಡಿಹಳ್ಳಿಯ ಹುಡುಗಿ ಶಾಂಭವಿ ನಗರದ ವಿಶ್ವವಿದ್ಯಾಲಯವೊಂದರಲ್ಲಿ ವಿಡಿಯೋ ಗೇಮ್ ವಿನ್ಯಾಸ ಓದುತ್ತಿದ್ದಳು. ದಾರಿ ತಪ್ಪಿದ ಕರುವನ್ನು ಮನೆ ಸೇರಿಸುವ ಆಟವೊಂದನ್ನು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮಾಡುತ್ತಿದ್ದಳು. ಕರುವನ್ನು ಕೂಗುವ ದನಿ ಮಾತ್ರ ಎಷ್ಟು ಹುಡುಕಿದರೂ ಹೊಂದಲಿಲ್ಲ. ರಜೆಗೆ ಊರಿಗೆ ಬಂದಾಗ, ತಾಯಿ ಚನ್ನಬಸಮ್ಮ ಹಸುವನ್ನು ಕೂಗುವುದನ್ನು ಫೋನಿನಲ್ಲಿ ಹಿಡಿದು ಆಟಕ್ಕೆ ಜೋಡಿಸಿದಳು. ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ತಾಯಿಗೆ ತೋರಿಸಿದಳು.

"ಬಾರೇ ಗೌರಿ, ಬಾರವ್ವ!" ಎಂದಿತು ಆಟ.

ಕೊಟ್ಟಿಗೆಯಲ್ಲಿ ಮಲಗಿದ್ದ ಗೌರಿ ದಡಕ್ಕನೆ ಎದ್ದು 'ಅಂಬಾ' ಎಂದಿತು.

"ಅಯ್ಯೋ ಶಿವನೇ! ನಾನಿಲ್ಲೇ ಕುಂತಿವ್ನಿ, ಅವಳು ನಿನ್ ಲ್ಯಾಪ್‌ಟಾಪಿಗೆ ಓಗೊಡ್ತಾವ್ಳಲ್ಲವ್ವ!" ಚನ್ನಬಸಮ್ಮ ಬಿದ್ದು ಬಿದ್ದು ನಕ್ಕಳು. "ಇನ್ನೊಂದ್ ಕಿತ ಹಾಕು!"

ಶಾಂಭವಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಮುಂದಿನ ವಾರ ತರಗತಿಯಲ್ಲಿ ಆಟ ಆಡಿದವರೆಲ್ಲ ಆ ದನಿ ಯಾರದೆಂದು ಕೇಳಿದರು.

"ನಮ್ಮವ್ವಂದು," ಎಂದಳು ಶಾಂಭವಿ, ಇಡೀ ತರಗತಿಗೆ ಕೇಳುವ ಹಾಗೆ.