ಸೋಮವಾರದಮ್ಮ ಕೇಳಿದ ನ್ಯಾಯ

ಕಾರ್ಖಾನೆ ತಪಾಸಣೆಯ ಕಚೇರಿಯಲ್ಲಿ ಜವಾನ ಅವಳಿಗೆ ಇಟ್ಟ ಹೆಸರು ಸೋಮವಾರದಮ್ಮ. ಮೂರು ವರ್ಷ, ಕಚೇರಿ ತೆರೆದಿದ್ದ ಒಂದು ಸೋಮವಾರವನ್ನೂ ಅವಳು ತಪ್ಪಿಸಲಿಲ್ಲ. "ನಿಮ್ಮ ಮುಖ ನೋಡಿದ್ಮೇಲೇ ನಮ್ಗೆ ವಾರ ಶುರುವಾಗೋದು" ಎಂದು ಅವನು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಅವಳ ಅರ್ಜಿಗಳನ್ನು ಬರೆದುಕೊಟ್ಟವಳು ನಾನು. ಆದ್ದರಿಂದ ಈ ಸಂಗತಿ ನನಗೆ ಮೊದಲಿನಿಂದ ಗೊತ್ತು.

ಅವಳು ವಿಧವೆ. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ದಪ್ಪ ಬೆಲ್ಟುಗಳನ್ನು ಹದಿನೆಂಟು ವರ್ಷ ಹೊಲಿದವಳು. ಆ ಕಾರ್ಖಾನೆಯ ಮೇಲ್ವಿಚಾರಕಿ ಅವಳ ನಾದಿನಿಯೇ, ಸತ್ತ ಗಂಡನ ತಂಗಿ. ಒಂದು ದಿನ ಬೆಲ್ಟಿನ ಹಗ್ಗ ಕಟ್ಟುವ ತುದಿ ಬಿಚ್ಚಿಕೊಂಡು ಒಬ್ಬ ಯುವಕ ಆರನೇ ಮಹಡಿಯಿಂದ ಬಿದ್ದು ಸತ್ತ. ನಾಲ್ಕು ಸಾಲು ಹೊಲಿಗೆ ಇರಬೇಕಾದಲ್ಲಿ ಎರಡೇ ಇದ್ದವು. ಬೆಲ್ಟಿಗೆ ಕಟ್ಟಿದ್ದ ಚೀಟಿಯಲ್ಲಿ ಇವಳ ಸಂಖ್ಯೆ ಇತ್ತು, ಹನ್ನೊಂದು. ವಿಚಾರಣೆಯಲ್ಲಿ ನಾದಿನಿ ತಲೆ ತಗ್ಗಿಸಿ, "ನಮ್ಮತ್ತಿಗೇನೇ ಹೊಲಿದದ್ದು ಸರ್. ವಯಸ್ಸಾಯ್ತು, ಕಣ್ಣು ಮಂಜು" ಎಂದಳು.

ಕೆಲಸ ಹೋಯಿತು. ಅದನ್ನು ಅವಳು ನುಂಗಿಕೊಂಡಳು. ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಮಿಷನ್ ಇತ್ತು, ದಿಂಬಿನ ಚೀಲ, ಪರದೆ ಹೊಲಿದು ಹೊಟ್ಟೆ ಹೊರೆದಳು. ನುಂಗಲಾಗದ್ದು ಬೇರೆ ಇತ್ತು. ಸತ್ತವನ ತಾಯಿ ಇವಳು ಹೋಗುವ ಚರ್ಚಿಗೇ ಬರುವವಳು. ಇವಳು ಬಂದು ಕುಳಿತರೆ ಆಕೆ ಬೆಂಚು ಬಿಟ್ಟು ಎದ್ದು ಹೋಗುತ್ತಿದ್ದಳು. ಒಮ್ಮೆ ಎಲ್ಲರಿಗೂ ಕೇಳುವಂತೆ, "ನನ್ನ ಮಗನ್ನ ನುಂಗಿ ಇಲ್ಲಿ ಪ್ರಾರ್ಥನೆ ಮಾಡ್ತಾಳೆ" ಎಂದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾದಿನಿ ಹಿಂತಿರುಗಿ ನೋಡಲಿಲ್ಲ.

ಆ ಕಾರ್ಖಾನೆಯ ಹೆಂಗಸರಲ್ಲಿ ಒಂದು ರೂಢಿ ಇದೆ. ಬಕಲ್ ಇರುವ ತುದಿಯನ್ನು ಮಡಚಿ ಮಿಷನ್ನಿಗೆ ಕೊಡುವ ಮುಂಚೆ, ಒಳಗೆ ಕೈಸೂಜಿಯಿಂದ ತಮ್ಮ ಗುರುತು ಹಾಕುತ್ತಾರೆ. ದುರಸ್ತಿಗೆ ಬಂದ ಬೆಲ್ಟು ಹೊಲಿದವಳ ಕೈಗೇ ಹೋಗಲಿ ಎಂದು. ಇವಳದು ಮೂರು ಹಸಿರು ಗೀಟು, ನಾದಿನಿಯದು ಕೆಂಪು ದಾರದ ಒಂದು ಗಂಟು. ಮೇಲೆ ಮಿಷನ್ ಹೊಲಿಗೆ ಬಿದ್ದರೆ ಅದು ಯಾರಿಗೂ ಕಾಣದು. ಚೀಟಿ ಕಟ್ಟುವುದು ಮಾತ್ರ ಮೇಲ್ವಿಚಾರಕಿಯ ಕೆಲಸ. ಅವಸರದ ಆ ವಾರ ಕೈ ಸಾಲದೆ ನಾದಿನಿ ತಾನೇ ಮಿಷನ್ನಿಗೆ ಕುಳಿತದ್ದನ್ನು ಎಲ್ಲರೂ ಕಂಡಿದ್ದರು. ವಿಚಾರಣೆಯಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. ಬಕಲ್ ತುದಿ ಇನ್ನೂ ಬಿಗಿಯಾಗಿಯೇ ಇದ್ದ ಆ ಬೆಲ್ಟು ತಪಾಸಣೆಯ ಅಧಿಕಾರಿಯ ಬೀರು ಸೇರಿ, ಮೇಲೆ ಅರಗಿನ ಮುದ್ರೆ ಬಿತ್ತು.

"ನಿನ್ನ ನಾದಿನಿ ಗುರುತೇ ಅದರೊಳಗಿದೆ ಅಂತ ಹೇಗೆ ಹೇಳ್ತೀ? ನೀನು ನೋಡಿಲ್ಲವಲ್ಲ" ಎಂದು ನಾನು ಕೇಳಿದೆ.

"ಅವಳು ಸುಳ್ಳು ಹೇಳ್ತಾಳೆ. ಅವಳ ಕೈ ಹೇಳಲ್ಲ. ಆ ಕೈಗೆ ಹೊಲಿಗೆ ಕಲಿಸಿದವಳು ನಾನು."

ಆ ಮಳೆಗಾಲ ಚರ್ಚಿನಲ್ಲಿ ಪಾದ್ರಿ ಯೇಸು ಹೇಳಿದ ವಿಧವೆಯ ಕಥೆಯನ್ನು ಬೋಧಿಸಿದರು. ದೇವರಿಗೂ ಮನುಷ್ಯರಿಗೂ ಹೆದರದ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋಗಿ, ಅವನಿಗೆ ಬೇಸರ ಹುಟ್ಟಿಸಿ ಗೆದ್ದ ಹೆಸರಿಲ್ಲದ ಹೆಂಗಸು. ಪಾದ್ರಿ ತಾಳ್ಮೆ, ಪ್ರಾರ್ಥನೆ ಎಂದೆಲ್ಲ ಹೇಳಿ ಮುಗಿಸಿದರು. ಇವಳು ಬಾಗಿಲಲ್ಲೇ ಅವರನ್ನು ಹಿಡಿದಳು.

"ಆಕೆ ಕೇಳಿದ್ದು ಏನು ಪಾದ್ರಿಗಳೇ?"

"ನ್ಯಾಯ ಕಣಮ್ಮ."

"ಯಾರ ಮೇಲೆ?"

"ತನ್ನ ವಿರೋಧಿಯ ಮೇಲೆ" ಎಂದರು ಪಾದ್ರಿ.

"ಅದನ್ಯಾಕೆ ಮೆತ್ತಗೆ ದಾಟಿಸಿಬಿಟ್ರಿ?"

ಮರುದಿನ ಸೋಮವಾರ. ಅಂದಿನಿಂದ ಶುರು.

ಅಧಿಕಾರಿಯ ಉತ್ತರ ಯಾವಾಗಲೂ ಒಂದೇ. "ಮುದ್ರೆ ಹಾಕಿದ ಸಾಕ್ಷ್ಯ ಕಣಮ್ಮ, ಬಿಚ್ಚೋ ಹಾಗಿಲ್ಲ. ಫೈಲು ಮುಗಿದಿದೆ."

"ಬಕಲ್ ಕಡೆ ನಾಲ್ಕು ಬೆರಳಗಲ ಬಿಚ್ಚಿದ್ರೆ ಸಾಕು, ಸರ್."

"ಮುಂದಿನ ವಾರ ನೋಡೋಣ."

"ಬರ್ತೀನಿ."

ಅವಳು ಕೂಗಲಿಲ್ಲ, ಅಳಲಿಲ್ಲ. ಅವನ ಮೇಜಿನ ಎದುರು, ಊಟದ ಡಬ್ಬಿ ಮುಚ್ಚುವವರೆಗೂ ನಿಂತಿರುತ್ತಿದ್ದಳು. ಅವನು ಹಿಂಬಾಗಿಲಿನಿಂದ ಹೋಗಲು ನೋಡಿದರೆ ಅಲ್ಲೂ ಇರುತ್ತಿದ್ದಳು. ಕೊನೆಗೊಂದು ಸೋಮವಾರ ಅವನು ಪೆನ್ನು ಮೇಜಿಗೆ ಬಡಿದ. "ಈ ಹೆಂಗಸು ನನ್ನ ಜೀವ ತಿಂದ್ಬಿಟ್ಲು! ಮೇಲಿನವರ ಅಪ್ಪಣೆ ನಾನೇ ತರಿಸ್ತೀನಿ. ತೆಗೆದು ತೋರಿಸ್ತೀನಿ, ಆಮೇಲೆ ಈ ಕಡೆ ತಲೆ ಹಾಕಬಾರದು."

"ಬಿಚ್ಚೋದು ನನ್ನ ನಾದಿನಿ ಕೈಲೇ ಆಗ್ಬೇಕು. ಹುಡುಗನ ತಾಯಿನೂ ಎದುರಿಗೆ ಇರ್ಬೇಕು" ಎಂದಳು ಇವಳು.

ಎರಡು ವಾರದ ನಂತರ ಐವರು ಆ ಮೇಜಿನ ಸುತ್ತ ಇದ್ದೆವು. ನಾದಿನಿ ಮೊದಲು ಧೈರ್ಯವಾಗಿಯೇ ಕತ್ತರಿ ಹಿಡಿದಳು. ಹನ್ನೊಂದರ ಚೀಟಿ ಕಟ್ಟಿದ್ದು ಅವಳಿಗೆ ನೆನಪಿತ್ತು. ತನ್ನ ಬೆರಳು ರೂಢಿಯಂತೆ ಒಳಗೆ ಹಾಕಿದ್ದು ನೆನಪಿರಲಿಲ್ಲ. ಬಕಲ್ ತುದಿಯ ನಾಲ್ಕು ಸಾಲುಗಳಲ್ಲಿ ಮೂರನೆಯದನ್ನು ಕತ್ತರಿಸುವಾಗ ನೆನಪಾಯಿತೆಂದು ಕಾಣುತ್ತದೆ, ಕೈ ನಿಂತಿತು.

"ಬಿಚ್ಚು" ಎಂದಳು ಇವಳು.

ಮಡಿಕೆ ತೆರೆಯಿತು. ಕೆಂಪು ಗಂಟು ಹೊಸದರಂತಿತ್ತು.

"ಅತ್ತಿಗೆ, ಅವತ್ತು ತುಂಬಾ ಒತ್ತಡ ಇತ್ತು... ನನ್ನ ಮಕ್ಕಳ ಮುಖ ನೋಡಿ ಅತ್ತಿಗೆ, ನಿಮ್ಮ ಮಕ್ಕಳ ಥರಾನೇ ಅಲ್ವಾ."

"ನನಗಲ್ಲ. ಆ ತಾಯಿಗೆ ಹೇಳು. ಯಾರು ಹೊಲಿದದ್ದು?"

"ನಾನು."

"ಕೇಳಿಸ್ಲಿಲ್ಲ."

"ನಾನು!"

ಸತ್ತವನ ತಾಯಿ ಆ ಗಂಟಿನ ಮೇಲೆ ಬೆರಳಿಟ್ಟಳು. ಅಧಿಕಾರಿ, ಮನೆಯವರೇ ಕೂತು ಮಾತಾಡಿಕೊಳ್ಳಬಹುದು ಎಂದು ಗೊಣಗಿದ. ಇವಳು ಕಾಗದವನ್ನು ಅವನತ್ತ ತಳ್ಳಿ, "ಬರ್ಕೊಳ್ಳಿ" ಎಂದಳು. ಅವನು ಬರೆದುಕೊಂಡ. ನಾದಿನಿಯ ಕೆಲಸ ಹೋಯಿತು, ಮೊಕದ್ದಮೆ ಹೂಡಲಾಯಿತು. ಭಾನುವಾರ ಆ ತಾಯಿ ಎದ್ದುಹೋಗಲಿಲ್ಲ. ಬೆಂಚು ಬಿಟ್ಟು ಹೊರನಡೆದವಳು ನಾದಿನಿ.

ಪಾದ್ರಿ ಇವಳ ಮನೆಗೆ ಬಂದು ಕ್ಷಮೆಯ ವಿಷಯ ಎತ್ತಿದರು. ಪೆಟ್ಟು ತಿಂದವರಿಗೆ ಕ್ಷಮೆಯನ್ನು ಬೋಧಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಇವಳು ಮಿಷನ್ ನಿಲ್ಲಿಸದೆ ಹೇಳಿದಳು: "ಬಂದು ಕೇಳ್ಲಿ. ನಾನು ನೂರ ನಲವತ್ತೊಂದು ಸೋಮವಾರ ಕೇಳಿದೀನಿ. ಅಷ್ಟು ಸಲ ಅವಳೂ ನಿಂತು ಕೇಳ್ಲಿ. ಆಮೇಲೆ ನೋಡೋಣ."

ಮುಂದಿನ ಸೋಮವಾರ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಬಾಗಿಲು ತಟ್ಟಿದ ಸದ್ದಾಯಿತು. "ಅತ್ತಿಗೆ, ನಾನು" ಎಂಬ ಸಣ್ಣ ದನಿ.

ಇವಳು ಏಳಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ, ಹೊರಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಒಂದು."